ಹಂಸಾಳ ಕೊರಳಲ್ಲಿ ಹೊಳೆದದ್ದು

“ಇದು ನನ್ನ ಹೊಲಿಗೆ ದಾರ ಅಲ್ಲ ಡಾಕ್ಟ್ರೇ.”

ಸರ್ಜನ್ ರಾಯ್ಸ್ಟನ್ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಯಮಾಲಾಗೆ ಎಷ್ಟೋ ಹಗುರಾಗುತ್ತಿತ್ತು.

ಹೋದ ಭಾನುವಾರ ಕನ್ನಡ ಸಂಘದ ಊಟದಲ್ಲಿ, ಸಾಲಾಗಿ ಕೂತವರ ಎಲೆಗೆ ಪಾಯಸ ಬೀಳುತ್ತಿದ್ದ ಹೊತ್ತಿಗೆ, “ಹಂಸಾಳ ಕೊರಳೊಳಗೆ ಏನು ಬಿಟ್ಟು ಹೊಲಿದ್ರಿ ರಾಯ್ಸ್ಟನ್?” ಎಂದು ಕೇಳಿದವಳು ಅವಳೇ. ಮೆಲ್ಲಗೆ ಕೇಳಿದೆ ಎಂದುಕೊಂಡಿದ್ದಳು. ಪಂಕ್ತಿಯ ತುದಿಯವರೆಗೂ ಕೈಗಳು ಎಲೆಯ ಮೇಲೇ ನಿಂತುಬಿಟ್ಟಿದ್ದವು. ಆಮೇಲೆ ನೈರೋಬಿಯ ಹರ್ಲಿಂಗ್‌ಹ್ಯಾಮ್‌ನ ಅವರ ಈ ಕ್ಲಿನಿಕ್ಕಿಗೆ ಕನ್ನಡದವರು ಒಬ್ಬರೂ ಕಾಲಿಟ್ಟಿರಲಿಲ್ಲ. ಅದನ್ನು ರಾಯ್ಸ್ಟನ್ ಹೇಳಲಿಲ್ಲ. ಬಾಗಿಲು ತೆರೆಯಲು ಬಂದ ನರ್ಸ್ ಹೇಳಿದಳು, ಮುಖ ತಿರುಗಿಸಿಕೊಂಡು.

ಜಯಮಾಲಾ ಅರವತ್ತು ದಾಟಿದ ಪೆಥಾಲಜಿಸ್ಟ್. ದುಡಿದಷ್ಟು ಕಾಲವೂ ದೇಹದ ಚೂರುಗಳನ್ನು ಗಾಜಿನ ಮೇಲಿಟ್ಟು ರೋಗದ ಹೆಸರು ಹೇಳಿದವಳು. ನಿವೃತ್ತಿಯಾದ ಮೇಲೆ ನೈರೋಬಿಯ ಕನ್ನಡದ ಮನೆಗಳಲ್ಲಿ ಬಗೆಹರಿಯದ ಯಾವ ವಿಷಯವೇ ಬರಲಿ, ಕರೆ ಬರುವುದು ಅವಳಿಗೇ. ಈ ಸಲ ಕರೆ ಮಾಡಿದ್ದು ಸ್ವತಃ ಹಂಸಾ.

ಹಂಸಾ ಹೈರಿಡ್ಜ್ ಬಡಾವಣೆಯ ಮಕ್ಕಳಿಗೆ ದೇವರನಾಮ ಹೇಳಿಕೊಡುವವಳು. ಮೂರು ವರ್ಷದ ಹಿಂದೆ ಅವಳ ಥೈರಾಯ್ಡ್ ಕ್ಯಾನ್ಸರನ್ನು ಕತ್ತರಿಸಿ ತೆಗೆದು ಉಳಿಸಿದವರು ರಾಯ್ಸ್ಟನ್. ಈಗ ಸ್ಕ್ಯಾನ್ ಮಾಡಿದಾಗ ಅದೇ ಜಾಗದಲ್ಲಿ ಗಂಟೊಂದು ದೀಪ ಹಚ್ಚಿಟ್ಟ ಹಾಗೆ ಹೊಳೆದಿತ್ತು. ಕ್ಯಾನ್ಸರ್ ಮರಳಿದೆ ಎಂದರು ಸ್ಕ್ಯಾನ್ ಓದಿದವರು. ಗಂಟು ಸ್ವರದ ನರಕ್ಕೆ ಅಂಟಿಕೊಂಡಿತ್ತು. ಅದನ್ನು ತೆಗೆಯಲು ಹೋದರೆ ಹಂಸಾಳ ದನಿ ಉಳಿಯುತ್ತದೆಂದು ಯಾರೂ ಮಾತು ಕೊಡುವ ಹಾಗಿರಲಿಲ್ಲ.

ಆಪರೇಷನ್ ನಾಳೆ ಬೆಳಿಗ್ಗೆ.

“ನನ್ನ ದಾರ ಆಗಿದ್ರೆ ಎಳೆ ಎಳೆಯಾಗಿ ಕಾಣಬೇಕಿತ್ತು,” ರಾಯ್ಸ್ಟನ್ ಮುಂದುವರಿಸಿದರು. “ಇವು ಬರೀ ಚೂರು. ಕೋಶಗಳೆಲ್ಲ ಸುತ್ತ ಮುತ್ತಿಕೊಂಡು ನುಂಗ್ಲಿಕ್ಕೆ ನೋಡ್ತಾ ಉಂಟು.”

ಗಂಟಿಗೆ ಸೂಜಿ ಚುಚ್ಚಿ ತೆಗೆದ ಹನಿ ಅದು; ಹೋದ ವಾರ ಮೊದಲ ಸಲ ಅದನ್ನು ನೋಡಿದಾಗಲೇ ಜಯಮಾಲಾಗೆ ರಾಯ್ಸ್ಟನ್ ಮೇಲೆ ಅನುಮಾನ ಬಂದದ್ದು. ಅದರ ಬೆಳಕಿನ ದಾರಿಗೆ ಜಯಮಾಲಾ ಬೆಳಕು ಸೋಸುವ ಎರಡು ಕಪ್ಪು ಬಿಲ್ಲೆಗಳನ್ನು ಅಡ್ಡ ಇಟ್ಟಿದ್ದಳು. ಒಂದನ್ನು ತಿರುಗಿಸುತ್ತ ಹೋದ ಹಾಗೆ ನೋಟವೆಲ್ಲ ಕತ್ತಲಾಗುತ್ತಿತ್ತು, ಆ ಕತ್ತಲೆಯಲ್ಲಿ ದೇಹಕ್ಕೆ ಸೇರದ ಹರಳಿನ ಚೂರುಗಳು ಮಾತ್ರ ಮಿನುಗುತ್ತಿದ್ದವು.

“ಕ್ಯಾನ್ಸರ್ ಕೋಶ ಒಂದಾದ್ರೂ ಕಂಡಿತಾ?” ಜಯಮಾಲಾ ಕೇಳಿದಳು.

“ಈ ಗಾಜಿನ ಮೇಲೆ ಇಲ್ಲ.”

“ಸ್ಕ್ಯಾನ್ ತೋರಿಸೋದು ಎಲ್ಲಿ ಸಕ್ಕರೆ ಜಾಸ್ತಿ ಖರ್ಚಾಗ್ತಿದೆ ಅಂತ ಅಷ್ಟೇ ಅಲ್ವಾ? ಕ್ಯಾನ್ಸರ್ರೂ ಸಕ್ಕರೆ ತಿನ್ನತ್ತೆ. ಹೊರಗಿಂದ ಬಂದ ಕಸದ ಜೊತೆ ಜಗಳಕ್ಕೆ ನಿಂತ ನಮ್ಮದೇ ಕೋಶಗಳೂ ತಿನ್ತವೆ.”

“ಗೊತ್ತುಂಟು. ಆದ್ರೆ ಸೂಜಿ ಹೊಕ್ಕ ಜಾಗದ ಪಕ್ಕದಲ್ಲೇ ಕ್ಯಾನ್ಸರ್ ಕೂತಿದ್ರೆ? ರಕ್ತಪರೀಕ್ಷೆಯೂ ಯಾವ ಕಡೆಗೂ ಸಾಕ್ಷಿ ಹೇಳ್ತಾ ಇಲ್ಲ.” ರಾಯ್ಸ್ಟನ್ ಕುರ್ಚಿಗೊರಗಿದರು. “ನಾಲ್ಕು ಚೂರು ಮಿನುಗಿತು ಅಂತ ನಾನು ಆಪರೇಷನ್ ನಿಲ್ಲಿಸ್ಲಿಕ್ಕಾಗುದಿಲ್ಲ. ಅದು ಏನು, ಯಾರು ಹಾಕಿದ್ದು, ಹೇಗೆ ಒಳಗೆ ಹೋಯ್ತು, ಇಷ್ಟು ಹೇಳಿ. ಎಲ್ಲ ಕೂಡಿಬಂದ್ರೆ ಮೂರು ತಿಂಗಳು ಕಾದು ಇನ್ನೊಂದು ಸ್ಕ್ಯಾನ್ ಮಾಡುವ. ಇಲ್ಲಾಂದ್ರೆ ನಾಳೆ ತೆಗಿಲೇಬೇಕು. ಸ್ವರ ಹೋದ್ರೂ ಜೀವ ಉಳೀಲಿ ಅಂತ ಹಂಸಾನೇ ಹೇಳಿದ್ದಾಳೆ.”

“ಆಸ್ಪತ್ರೆಯಲ್ಲೇ ಏನಾದ್ರೂ...”

“ಅಲ್ಲಿ ಅಂಥಾ ಪುಡಿಯೇ ಇಲ್ಲ. ಕೈಗವಸಿಗೂ ಪುಡಿ ಇಲ್ಲ. ನಾನೇ ಹೋಗಿ ಕೇಳಿಕೊಂಡು ಬಂದೆ. ನೀವು ಪಂಕ್ತಿಯಲ್ಲಿ ಕೇಳಿದ್ರಲ್ಲ, ಅದರ ಮಾರನೇ ದಿನವೇ.”

ಜಯಮಾಲಾಳ ಮುಖ ಬಿಸಿಯಾಯಿತು. ತನ್ನ ಮಾತು ಈ ಮನುಷ್ಯನ ನಿದ್ದೆ ಕೆಡಿಸಿತ್ತು. ಅವರು ತಿರುಗಿ ಬೈಯುವ ಬದಲು ತಮ್ಮನ್ನೇ ತಾವು ಪರೀಕ್ಷೆಗೆ ಒಡ್ಡಿಕೊಂಡಿದ್ದರು.

“ರಾಯ್ಸ್ಟನ್, ನಾನು ನಿಮ್ಮ ಕ್ಷಮೆ ಕೇಳೋಕೂ ಬಂದೆ.”

“ಟೀ ಕುಡೀತೀರಾ?”

ಟೀ ಬಂತು.

“ಹೊಲಿಗೆ ಭದ್ರವಾಗಿತ್ತು,” ಅವರು ಹೇಳಿದರು. “ತೆರೆದಿದ್ದದ್ದು ಒಂದೇ ದಾರಿ. ಕೆಟ್ಟ ನೀರು ಬಸಿದು ಹೋಗ್ಲಿಕ್ಕೆ ಟ್ಯೂಬ್ ಇಟ್ಟಿದ್ದೆ. ಅದನ್ನು ಎಳೆದ ಮೇಲೆ ತೂತು ಮುಚ್ಚುವ ಮುಂಚೆ ಯಾರೋ ಅದಕ್ಕೆ ಏನೋ ಹಾಕಿದ್ದಾರೆ. ಆಗ ಅವಳ ಹತ್ತಿರ ಇದ್ದದ್ದು ಮನೆಯವರು. ನೀವು ಅಲ್ಲಿ ಕೇಳಬೇಕು.” ಸ್ವಲ್ಪ ತಡೆದು ಸೇರಿಸಿದರು. “ಪಂಕ್ತಿಯಲ್ಲಿ ಬೇಡ.”

ಅವರು ನಗುತ್ತಿದ್ದರು. ಜಯಮಾಲಾ ನಗಲು ಹೋದಳು, ಆಗಲಿಲ್ಲ.

*

ವೆಸ್ಟ್‌ಲ್ಯಾಂಡ್ಸ್ ಹತ್ತಿರ ಟ್ಯಾಕ್ಸಿ ನಿಂತೇಬಿಟ್ಟಿತು. ಮುಂದೆ ಜನ ತುಂಬಿದ ಎರಡು ಮಟಾಟು ವ್ಯಾನುಗಳು ಒಂದೇ ಸಂದಿಯಲ್ಲಿ ಮೂತಿ ತೂರಿಸಿ ಒಂದಕ್ಕೊಂದು ಹಾರ್ನ್ ಹೊಡೆಯುತ್ತಿದ್ದವು. “ಪೋಲೆ, ಮಾಮಾ,” ಕ್ಷಮಿಸಿ ಅಮ್ಮಾ ಎಂದು ಡ್ರೈವರ್ ತನ್ನದೇ ತಪ್ಪೆಂಬಂತೆ ಬೇಸರ ಹೇಳಿಕೊಂಡ.

ಜಯಮಾಲಾ ಕಣ್ಣು ಮುಚ್ಚಿ ಕೂತಳು. ಹಂಸಾಳ ಮನೆಯಲ್ಲಿ ಇರುವುದು ಮೂವರು. ಹಂಸಾ ಆಗ ಔಷಧಿಯ ಮಂಪರಿನಲ್ಲಿ ಮಲಗಿದ್ದವಳು. ಗಂಡ ಯಶವಂತ್ ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್. ಅವನ ಮನೆಗೆ ಹೋದವರು ಕೂರುವ ಮೊದಲು ಮೊಣಕೈವರೆಗೆ ಕೈ ತೊಳೆಯಬೇಕು ಎಂದು ಸಂಘದವರೆಲ್ಲ ತಮಾಷೆ ಮಾಡುತ್ತಿದ್ದರು. ಅಂಥವನು ಹಸಿ ಗಾಯಕ್ಕೆ ಏನನ್ನಾದರೂ ಹಾಕಿಯಾನೆ?

ಉಳಿದವರು ಅತ್ತೆ ಅಂಬುಜಮ್ಮ. ಸೊಸೆಯ ಮೊದಲ ಆಪರೇಷನ್ನಿಗೆಂದು ಹಾಸನದ ಕಡೆಯ ಹಳ್ಳಿಯಿಂದ ಬಂದವರು ಇಲ್ಲೇ ಉಳಿದುಬಿಟ್ಟಿದ್ದರು. ಪ್ರತಿ ಏಕಾದಶಿಗೆ ಜಯಮಾಲಾಗೆ ಫೋನ್ ಮಾಡಿ “ಉಪವಾಸ ಇದೀರಾ ಡಾಕ್ಟ್ರಮ್ಮ, ಇಲ್ಲ ಮಾತ್ರೆ ತಗೊಳ್ಳೋ ನೆಪದಲ್ಲಿ ಇಡ್ಲಿ ತಿಂದ್ರಾ?” ಎಂದು ಕೇಳುವ ಜೀವ.

ಪತ್ತೆ ಮಾಡುವುದೆಂದರೆ ಕೊನೆಗೆ ಇಷ್ಟೇ. ಅನ್ನ ಹಾಕಿದವರ ಮನೆ ಬಾಗಿಲು ತಟ್ಟಿ, ಅವರು ಮುಚ್ಚಿಟ್ಟುಕೊಂಡದ್ದನ್ನು ನಡುಮನೆಗೆ ಎಳೆದು ತರುವುದು. ಸ್ವಾಮೀ, ಕಂಡದ್ದನ್ನು ಹೇಳುವ ಬಾಯಿ ಕೊಟ್ಟೆ, ಹೇಗೆ ಹೇಳಬೇಕೆಂಬ ಬುದ್ಧಿಯನ್ನೂ ಕೊಡು ಎಂದು ಅವಳು ಮನಸ್ಸಿನಲ್ಲೇ ಕೈ ಮುಗಿದಳು.

ಮಟಾಟುಗಳಲ್ಲಿ ಒಂದು ಸೋತು ಹಿಂದೆ ಸರಿಯಿತು. ದಾರಿ ಬಿಟ್ಟಿತು.

*

“ಬನ್ನಿ ಬನ್ನಿ. ಅವರಿಬ್ರೂ ದೇವಸ್ಥಾನಕ್ಕೆ ಹೋಗವ್ರೆ. ಸಂಜೆ ಆಸ್ಪತ್ರೆಗೆ ಸೇರ್ಬೇಕಲ್ಲ, ಅದಕ್ಕೆ ಮುಂಚೆ ಒಂದು ಅರ್ಚನೆ ಮಾಡಿಸ್ಕೊಂಡು ಬರ್ಲಿ ಅಂತ ನಾನೇ ಕಳಿಸ್ದೆ.”

ಅಂಬುಜಮ್ಮ ಅಡುಗೆಮನೆಯ ನೆಲದ ಮೇಲೆ ಈಳಿಗೆ ಮಣೆ ಹಾಕಿಕೊಂಡು ಹುರುಳಿಕಾಯಿ ಹೆಚ್ಚುತ್ತಿದ್ದರು. ನಡುಮನೆಯಲ್ಲಿ ಹಂಸಾಳ ಬಟ್ಟೆಯ ಚೀಲ ಸಿದ್ಧವಾಗಿ ನಿಂತಿತ್ತು.

“ನಾಳೆಯಿಂದ ಗಂಜಿ ಕುಡಿಯೋಳು. ಇವತ್ತು ಬಾಯಿಗೆ ರುಚಿಯಾಗಿ ಒಂದು ಪಲ್ಯ ತಿನ್ಲಿ.”

“ಕೊಡಿ, ನಾನೂ ಹೆಚ್ಚತೀನಿ.” ಜಯಮಾಲಾ ನೆಲಕ್ಕೆ ಕೂತಳು.

“ನಿಮಗೆಲ್ಲಿ ಬರತ್ತೆ? ಚಾಕು ಕತ್ತರಿ ಹಿಡ್ಯೋರು. ಇದನ್ನ ಊರಿಂದ ತಂದಾಗ ಏರ್‌ಪೋರ್ಟಲ್ಲಿ ಆ ಪೊಲೀಸ್ ಹುಡುಗಿ ಯಾರನ್ನ ಕಡಿಯೋಕೆ ಅಂದ್ಲು. ಬೀನ್ಸ್ ಅಂದೆ. ಬಿಟ್ಲು.”

ಇಬ್ಬರೂ ನಕ್ಕರು. ನಗು ಬೇಗ ನಿಂತಿತು.

“ಯಾರಿಗೂ ಹೇಳ್ಬೇಡ ಅಂತಾಳೆ ಹಂಸಾ,” ಅಂಬುಜಮ್ಮ ತಲೆ ಎತ್ತದೆ ಹೇಳಿದರು. “ಪಾಠ ನಿಲ್ಸಿದ್ದಕ್ಕೆ ಗಂಟಲು ನೋವು ಅಂತ ಸುಳ್ಳು ಹೇಳವ್ಳೆ. ಮತ್ತೆ ಬಂತು ಅಂದ್ರೆ ಜನ ನೋಡೋ ರೀತೀನೇ ಬೇರೆ, ಅತ್ತೆ, ಅಂತಾಳೆ. ಏನೋ ತಪ್ಪು ಮಾಡಿದೋಳ ಥರ ಕತ್ತಿಗೆ ಬಟ್ಟೆ ಸುತ್ಕೊಂಡು ಓಡಾಡ್ತಾಳೆ ಕಣಮ್ಮ.”

ಹೇಗೆ ಶುರು ಮಾಡುವುದೆಂದು ಜಯಮಾಲಾಗೆ ತಿಳಿಯಲಿಲ್ಲ. ಯೋಚನೆಯಲ್ಲಿ ಕಾಯಿಯನ್ನು ಒತ್ತಿದಳು. ಈಳಿಗೆಯ ಅಲಗು ಬೆರಳಿಗೆ ತಾಗಿತು. ರಕ್ತ ಚಿಮ್ಮಿತು.

“ಅಯ್ಯೋ ಶಿವನೇ! ಹೇಳ್ಲಿಲ್ವಾ ನಾನು!”

ಅಂಬುಜಮ್ಮ ಎದ್ದರು. ಎಪ್ಪತ್ತರ ಮೊಣಕಾಲು ಅಷ್ಟು ಬೇಗ ಏಳುತ್ತದೆಂದು ಜಯಮಾಲಾ ಎಣಿಸಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲೇ ದೇವರ ಮಂಟಪ. ಅದರ ಬದಿಯ ಪುಟ್ಟ ಹಿತ್ತಾಳೆ ಡಬ್ಬಿಯ ಮುಚ್ಚಳ ಅವರ ಬೆರಳಿಗೆ ತಾನಾಗಿ ಬಿಚ್ಚಿಕೊಂಡಿತು. ಒಂದು ಚಿಟಿಕೆ ಕೆಂಗಂದು ಮಣ್ಣು ಜಯಮಾಲಾಳ ಗಾಯದ ಮೇಲೆ ಬಿತ್ತು.

“ಹಂಗೇ ಒತ್ತಿ ಹಿಡ್ಕೊಳ್ಳಿ. ನಮ್ಮೂರ ನಾಗಪ್ಪನ ಹುತ್ತದ್ದು. ಎಂಥಾ ಗಾಯನೂ...”

ಮಾತು ಅಲ್ಲೇ ಕಡಿಯಿತು.

ಅಂಬುಜಮ್ಮ ತಮ್ಮ ಕೈಯನ್ನು ತಾವೇ ನೋಡಿದರು. ಆಮೇಲೆ ಡಬ್ಬಿಯನ್ನು ಸೆರಗಿನ ಒಳಗೆ ಎಳೆದುಕೊಂಡರು.

ಬೆರಳು ಉರಿಯುತ್ತಿತ್ತು. ಆ ಉರಿಯ ನಡುವೆಯೇ ಜಯಮಾಲಾಳ ಒಳಗೆ ಯಾರೋ ಸಿಕ್ಕಿತು ಸಿಕ್ಕಿತು ಎಂದು ಕುಣಿದರು. ಆ ಕುಣಿತಕ್ಕೆ ಅವಳಿಗೇ ನಾಚಿಕೆಯಾಯಿತು.

“ಅಂಬುಜಮ್ಮ,” ಎಂದಳು. “ಹಂಸಾಳ ಗಾಯಕ್ಕೂ ಇದನ್ನ ಹಾಕಿದ್ರಾ?”

“ಪಲ್ಯ ತಳ ಹತ್ತತ್ತೆ.”

“ಒಲೆ ಇನ್ನೂ ಹಚ್ಚಿಲ್ಲ.”

ಅಂಬುಜಮ್ಮ ಒಲೆಯ ಕಡೆ ನೋಡಿದರು. ಹಚ್ಚಿರಲಿಲ್ಲ. ಗೋಡೆಗೆ ಒರಗಿ ನಿಧಾನವಾಗಿ ಕೆಳಗೆ ಕೂತರು.

“ನಾನು ನಿಮ್ಮನ್ನ ಬೈಯೋಕೆ ಬಂದಿಲ್ಲ. ದೇವರ ಮೇಲೆ ತಪ್ಪು ಹೊರಿಸೋಕೂ ಬಂದಿಲ್ಲ,” ಜಯಮಾಲಾ ಹೇಳಿದಳು. “ಚಿಕ್ಕವಳಿದ್ದಾಗ ನಮ್ಮಜ್ಜಿ ನನ್ನ ನಾಲಿಗೆ ಮೇಲೆ ಇಂಥದೇ ಮಣ್ಣು ಇಡ್ತಿದ್ರು. ಆ ರುಚಿ ಇವತ್ತಿಗೂ ನೆನಪಿದೆ. ಆದರೆ ಕೇಳಿ. ಹಂಸಾಳ ಗಂಟಿನೊಳಗೆ ಸಣ್ಣ ಸಣ್ಣ ಹರಳಿನ ಚೂರು ಸಿಕ್ಕಿವೆ. ಮೇಲಿಂದ ಒಳಗೆ ಹೋಗಿದ್ದು. ಅದರ ಸುತ್ತ ಮಾಂಸ ಬೆಳೆದು ಸ್ಕ್ಯಾನಲ್ಲಿ ಕ್ಯಾನ್ಸರ್ ಥರ ಕಾಣ್ತಿರಬಹುದು. ಯಾರು ಏನು ಹಾಕಿದ್ರು ಅಂತ ಗೊತ್ತಾದ್ರೆ ನಾಳೆ ಅವಳ ಕತ್ತು ಕೊಯ್ಯೋದು ಬೇಡ. ಗೊತ್ತಾಗ್ದೇ ಇದ್ರೆ ಅವಳು ಮತ್ತೆ ಹಾಡ್ತಾಳೋ ಇಲ್ವೋ.”

ಅಂಬುಜಮ್ಮ ಸೆರಗಿನೊಳಗಿನ ಡಬ್ಬಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದರು.

“ಅಂದ್ರೆ... ರೋಗ ಅಲ್ವಾ ಅದು?”

“ಅಲ್ಲದೇ ಇರಬಹುದು.”

“ಮಣ್ಣಿಂದ ಆಗಿದ್ದಾ?”

“ಇರಬಹುದು.”

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಬಟ್ಟೆಯ ಒಳಗಿನಿಂದ ಮಾತು ಬಂತು. “ಮಗ ಔಷಧಿ ಕಾರ್ಖಾನೇಲಿ ಶುದ್ಧ ನೋಡೋನು. ಸೊಸೆ ಓದಿದೋಳು. ನಾನು ಹೋಗಿ ಗಾಯಕ್ಕೆ ಮಣ್ಣು ಮೆತ್ತಿದೆ ಅಂದ್ರೆ... ಅತ್ತೇನೇ ಸೊಸೆ ಕೊರಳು ಕಿತ್ಲು ಅಂತಾರೆ ಡಾಕ್ಟ್ರಮ್ಮ. ನಾಳೆ ಸಂಘದಲ್ಲಿ ಹೆಂಗೆ ಮುಖ ತೋರ್ಸ್ಲಿ?”

“ಅದು ನನಗೂ ಗೊತ್ತಿಲ್ಲ. ಹೋದ ವಾರದಿಂದ ನಾನೂ ಅದನ್ನೇ ಯೋಚಿಸ್ತಿದೀನಿ.”

ಸೆರಗು ಸ್ವಲ್ಪ ಕೆಳಗಿಳಿಯಿತು. ಒದ್ದೆ ಕಣ್ಣುಗಳು ಅವಳನ್ನು ಅಳೆದವು.

“ನಾನೇ ಹಾಕಿದ್ದು,” ಎಂದರು ಅಂಬುಜಮ್ಮ. “ಟ್ಯೂಬ್ ತೆಗೆದ ದಿನ. ಅವಳು ಮಲಗಿದ್ಲು. ನಾಗಪ್ಪಾ ಕಾಪಾಡು ಅಂತ ಒಂದು ಚಿಟಿಕೆ ಹಾಕ್ದೆ. ನಾನೇ. ಬೇರೆ ಯಾರೂ ಅಲ್ಲ.”

ಬೇರೆ ಯಾರೂ ಅಲ್ಲ. ಯಾರೂ ಕೇಳದ ಮಾತು ಅದು. ಜಯಮಾಲಾಳ ಕಿವಿ ಅದನ್ನು ಹಿಡಿಯಿತು. ಆದರೆ ಹಂಸಾಳ ದನಿ ಉಳಿಯಿತು ಎಂಬ ಸಂತೋಷದಲ್ಲಿ ಮನಸ್ಸು ಅದನ್ನು ಪಕ್ಕಕ್ಕೆ ತಳ್ಳಿತು. ಅವಳ ಕೈ ಆಗಲೇ ಫೋನ್ ಹುಡುಕುತ್ತಿತ್ತು.

ರಾಯ್ಸ್ಟನ್ ತಕ್ಷಣ ಎತ್ತಿದರು. ಫೋನನ್ನು ನೆಲದ ಮೇಲೆ, ಇಬ್ಬರ ನಡುವೆ ಇಟ್ಟು ಜಯಮಾಲಾ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು.

“ದೇವರು ದೊಡ್ಡವನು. ಒಂದೇ ಒಂದು ಪ್ರಶ್ನೆ ಅಮ್ಮ. ಟ್ಯೂಬಿನ ತೂತು ಎಲ್ಲಿತ್ತು?”

“ಕತ್ತಲ್ಲಿ.”

“ಕತ್ತಲ್ಲಿ ಎಲ್ಲಿ? ಜಯಮಾಲಾ ಡಾಕ್ಟರ ಕತ್ತಿನ ಮೇಲೆ ಕೈ ಇಟ್ಟು ತೋರಿಸಿ.”

ಅಂಬುಜಮ್ಮನ ಕೈ ಮುಂದೆ ಬಂತು, ಹಿಂದೆ ಹೋಯಿತು, ಮತ್ತೆ ಬಂತು. ಜಯಮಾಲಾಳ ಗಂಟಲ ಗುಳಿಯ ಪಕ್ಕ ಮುಟ್ಟಿತು.

“ಇಲ್ಲಿ. ಹೊಲಿಗೆ ಹಾಕಿದ್ರಲ್ಲ, ಅದರ ಪಕ್ಕದಲ್ಲೇ.”

ಜಯಮಾಲಾ ಅದನ್ನು ಫೋನಿಗೆ ಹೇಳಿದಳು.

“ರಾಯ್ಸ್ಟನ್?”

“ಅಲ್ಲಿ ತೂತೇ ಇರ್ಲಿಲ್ಲ,” ಅವರು ನಿಧಾನವಾಗಿ ಹೇಳಿದರು. “ನಾಲ್ಕು ಜನರ ಎದುರು ಕೂತು ಹಾಡುವ ಹುಡುಗಿ, ಮುಂದೆ ಇನ್ನೊಂದು ಕಲೆ ಬೇಡ ಅಂತ ಟ್ಯೂಬನ್ನು ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಹೊರಗೆ ತೆಗೆದಿದ್ದೆ. ಹಾಕಿದವರಿಗೆ ಅದು ಮರೆಯುದಿಲ್ಲ.”

ಅಂಬುಜಮ್ಮನ ಬೆರಳು ಇನ್ನೂ ಜಯಮಾಲಾಳ ಗಂಟಲ ಮೇಲೇ ಇತ್ತು. ತಣ್ಣಗಿತ್ತು.

“ನೀವು ಆ ಗಾಯ ನೋಡೇ ಇಲ್ಲ,” ಜಯಮಾಲಾ ಹೇಳಿದಳು. “ಯಾಕೆ ಸುಳ್ಳು ಹೇಳಿದ್ರಿ?”

“ಮಣ್ಣು ನಂದು ತಾನೇ?” ಅಂಬುಜಮ್ಮನ ದನಿ ಗಟ್ಟಿಯಾಯಿತು. “ವಾರ್ಡಿನೊಳಗೆ ಒಬ್ರನ್ನೇ ಬಿಡ್ತಿದ್ರು. ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡು, ಕೈಗೆ ಪೊಟ್ಟಣ ಕೊಟ್ಟು ಕಳಿಸಿದ್ದು ನಾನು. ಬಾಗಿಲ ಗಾಜಿನಾಚೆ ನಿಂತು, ಅವನ ಬೆನ್ನು ನೋಡ್ತಾ, ಹಾಕಿದ್ನಾ ಇಲ್ವಾ ಅಂತ ಕಾದಿದ್ದು ನಾನು. ಕೈ ಯಾರದಾದ್ರೇನು? ಅಪಕೀರ್ತಿ ಬರೋದಾದ್ರೆ ನನಗೆ ಬರ್ಲಿ. ಅವನ ಕೆಲಸ, ಅವನ ಮರ್ಯಾದೆ... ಬಿಟ್ಬಿಡಿ ಅವನನ್ನ.”

“ಅಮ್ಮ, ಸಾಕು.”

ಹೊರಬಾಗಿಲು ತೆರೆದದ್ದು ಯಾರಿಗೂ ಕೇಳಿಸಿರಲಿಲ್ಲ. ಅಡುಗೆಮನೆಯ ಹೊಸಿಲ ಬಳಿ ಯಶವಂತ್ ನಿಂತಿದ್ದ, ಹಣೆಯಲ್ಲಿ ಅರ್ಚನೆಯ ಕುಂಕುಮ. ಅವನ ಹಿಂದೆ ಹಂಸಾ, ಕತ್ತಿಗೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಪ್ರಸಾದದ ಹೂ ಹಿಡಿದುಕೊಂಡು.

“ಹಾಕಿದ್ದು ನಾನು,” ಯಶವಂತ್ ಹೇಳಿದ. “ಕಿವಿ ಹಿಂದೆ, ಕೂದಲು ಸರಿಸಿ.”

ನೆಲದ ಮೇಲಿನ ಫೋನಿನಲ್ಲಿ ರಾಯ್ಸ್ಟನ್ ಅವಸರದಿಂದ ಮಾತಾಡಿದರು. “ಹಾಗಾದ್ರೆ ಎಲ್ಲ ಕೂಡಿತು! ಯಶವಂತ್, ನಾಚಿಕೆಪಡುದು ಬೇಡ, ಇಂಥದೆಲ್ಲ ಆಗ್ತದೆ. ನಾಳೆಯದ್ದನ್ನು ನಿಲ್ಲಿಸುವ. ಮಣ್ಣಿನದ್ದು ಸ್ವಲ್ಪ ಕೊಡಿ, ನೋಡಿ ಹೋಲಿಸ್ತೇವೆ.”

ಅಂಬುಜಮ್ಮ ಸೆರಗಿನಿಂದ ಡಬ್ಬಿಯನ್ನು ಹೊರಗೆ ತೆಗೆದು ಜಯಮಾಲಾಳ ಕಡೆ ಚಾಚಿದರು. ಯಶವಂತ್ ಬಗ್ಗಿ ತಾಯಿಯ ಕೈ ಹಿಡಿದ.

“ಅದು ಹೋಲೋದಿಲ್ಲ ಆಂಟಿ,” ಎಂದ ಜಯಮಾಲಾಗೆ. ತಾಯಿಯ ಮುಖ ನೋಡಲು ಅವನಿಗೆ ಆಗಲಿಲ್ಲ. “ಅಮ್ಮ ಕೊಟ್ಟ ಮಣ್ಣನ್ನ ನಾನು ವಾರ್ಡಿನ ಸಿಂಕಲ್ಲಿ ತೊಳೆದುಬಿಟ್ಟೆ. ಗಾಜಿನಾಚೆ ಅಮ್ಮ ನೋಡ್ತಿದ್ರು. ಏನಾದ್ರೂ ಹಾಕಿದ ಹಾಗೆ ಕಾಣಬೇಕಿತ್ತು. ನನ್ನ ಜೇಬಲ್ಲಿ ಬೇರೆ ಒಂದಿತ್ತು. ಅದನ್ನ ಹಾಕಿದೆ.”

“ಏನಂದೆ?” ಅಂಬುಜಮ್ಮ ಕೇಳಿದರು. ಮಗ ಆಣೆ ಮುರಿದನೆಂಬುದು ಅವರಿಗೆ ಅರ್ಥವಾಗುತ್ತಿದ್ದ ಹಾಗೆ, ಅಷ್ಟು ಹೊತ್ತು ಗಟ್ಟಿಯಾಗಿ ಕೂತಿದ್ದ ಮೈ ಕುಗ್ಗಿ ಚಿಕ್ಕದಾಯಿತು. ಮಗನ ತಪ್ಪನ್ನು ಹೊರಲು ಅವರು ತಯಾರಾಗಿದ್ದರು. ಇದನ್ನು ಹೊರುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ.

“ಡಾಕ್ಟ್ರು ಕೊಟ್ಟಿದ್ದು ಅಂದಿದ್ದೆ ನೀನು.”

ಹಂಸಾ ಹೇಳಿದಳು. ಎಲ್ಲರೂ ತಿರುಗಿದರು.

“ಅರ್ಧ ಎಚ್ಚರ ಇತ್ತು ನನಗೆ. ಏನೋ ತಣ್ಣಗಾಯ್ತು, ಏನದು ಅಂದೆ. ಡಾಕ್ಟ್ರು ಕೊಟ್ಟ ಪುಡಿ ಅಂದೆ ನೀನು.”

“ನಾನು ಯಾವ ಪುಡಿಯನ್ನೂ ಕೊಟ್ಟಿರ್ಲಿಲ್ಲ,” ಫೋನಿನಲ್ಲಿ ರಾಯ್ಸ್ಟನ್ ಹೇಳಿದರು. ಅವರ ದನಿಯಲ್ಲಿ ಈಗ ಅವಸರವಿರಲಿಲ್ಲ. “ಯಶವಂತ್, ಅದು ಎಲ್ಲಿಂದ ತಂದದ್ದು? ಏನದು? ಅದು ಗೊತ್ತಾಗುವವರೆಗೆ ನಾಳೆಯ ಆಪರೇಷನ್ ಇದ್ದ ಹಾಗೇ ಇರ್ತದೆ.”

ಯಶವಂತನ ಹಣೆಯ ಕುಂಕುಮ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ಒರೆಸಿಕೊಳ್ಳಲಿಲ್ಲ.

“ನಮ್ಮ ಕಾರ್ಖಾನೆಯಿಂದ ತಂದಿದ್ದು ಆಂಟಿ. ಹಂಸಾ ಸ್ವಲ್ಪ ಒಳಗೆ ಹೋಗ್ಲಿ,” ಎಂದ. “ಮಿಕ್ಕಿದ್ದನ್ನ ಅವಳ ಎದುರಿಗೆ ಹೇಳೋಕಾಗಲ್ಲ.”

ಹಂಸಾ ಹೋಗಲಿಲ್ಲ. ಹೂವನ್ನು ದೇವರ ಮುಂದೆ ಇಟ್ಟಳು. ಕತ್ತಿನ ಬಟ್ಟೆಯನ್ನು ಬಿಚ್ಚಿದಳು. ಗಂಡನ ಎದುರಿಗೆ, ಅತ್ತೆಯ ಪಕ್ಕದಲ್ಲಿ, ಹೆಚ್ಚಿ ಚೆಲ್ಲಿದ ಹುರುಳಿಕಾಯಿಗಳ ನಡುವೆಯೇ ನೆಲದ ಮೇಲೆ ಕೂತಳು.

“ಹೇಳು,” ಎಂದಳು.